ನಡುವೆ ಬಿದ್ದ ಹೂವು

ಇಂಚರ, ತೇಜಸ್, ಮೊದಲು ಒಂದು ತಪ್ಪೊಪ್ಪಿಕೊಂಡು ಬಿಡುತ್ತೇನೆ. ಹೋದ ಭಾನುವಾರ ಮಧ್ಯಾಹ್ನ ನೀವಿಬ್ಬರೂ ಹಜಾರದಲ್ಲಿ ಕೂತು ವಾದ ಮಾಡುತ್ತಿದ್ದಾಗ ನಾನು ಕಣ್ಣು ಮುಚ್ಚಿ ಮಲಗಿದ್ದೆನಲ್ಲ, ಅದು ನಿದ್ದೆಯಲ್ಲ. ಮುದುಕಿ ಕಣ್ಣು ಮುಚ್ಚಿದರೆ ಕಿವಿಯೂ ಮುಚ್ಚಿತು ಅಂತ ಮನೆಯವರೆಲ್ಲ ತಿಳಿದುಕೊಂಡಿದ್ದಾರೆ. ಆ ತಿಳುವಳಿಕೆಯಿಂದ ನನಗೆ ಎಷ್ಟೋ ಸಂಗತಿಗಳು ಕೂತಲ್ಲೇ ಗೊತ್ತಾಗುತ್ತವೆ. ಅದನ್ನು ಯಾಕೆ ಕೆಡಿಸಬೇಕು ಅಂತ ಇಷ್ಟು ವರ್ಷ ಸುಮ್ಮನಿದ್ದೆ.

ನಿಮ್ಮ ವಾದ ಸೊನ್ನೆಯ ಮೇಲೆ ನಡೆದಿತ್ತು.

"ಸೊನ್ನೆ ಅಂದ್ರೆ ಸೊನ್ನೆ ಕಣೇ. ಆಗೋದೇ ಇಲ್ಲ ಅಂತ," ಅಂದ ತೇಜಸ್.

"ಸಂಭವ ಸೊನ್ನೆ ಇದ್ರೂ ಆಗ್ಬಹುದು ಕಣೋ ದಡ್ಡ," ಅಂದಳು ಇಂಚರ.

"ಹಂಗಾದ್ರೆ ನಮ್ಮಪ್ಪ ನಂಗೆ ಬೈಕ್ ಕೊಡ್ಸೋದೂ ಆಗ್ಬಹುದು ಬಿಡು."

"ಅದು ಸೊನ್ನೆಗಿಂತ ಕಮ್ಮಿ."

ಆಗ ನನಗೆ ನಗು ಬಂದು, ಅದನ್ನು ಕೆಮ್ಮು ಮಾಡಿಕೊಂಡೆ. ನೀವು ನೀರು ತಂದುಕೊಟ್ಟಿರಿ. ನೀರಿಗೆ ಉಪಕಾರ.

ಆಮೇಲೆ ಇಂಚರ ರೈಲಿನ ಉದಾಹರಣೆ ಕೊಟ್ಟಳು. ಬಾಣಾವರದ ಸ್ಟೇಷನ್ನಿಗೆ ಗಾಡಿ ಹತ್ತು ಗಂಟೆಗೂ ಹತ್ತೂಕಾಲಿಗೂ ನಡುವೆ ಯಾವಾಗ ಬೇಕಾದರೂ ಬರಬಹುದು ಅಂದುಕೋ. ಸರಿಯಾಗಿ ಹತ್ತು ಗಂಟೆ ಏಳು ನಿಮಿಷಕ್ಕೆ, ಕೂದಲೆಳೆಯಷ್ಟು ಹಿಂದಿಲ್ಲ, ಮುಂದಿಲ್ಲ, ಆ ಗಳಿಗೆಗೇ ಬರುವ ಸಂಭವ ಎಷ್ಟು? ಅಂಥ ಗಳಿಗೆಗೆ ಅಗಲವೇ ಇಲ್ಲ. ಅದಕ್ಕೆ ಪಾಲು ಅಂತ ಏನೂ ಸಿಗುವುದಿಲ್ಲ. ಸೊನ್ನೆ. ಆದರೆ ಗಾಡಿ ಯಾವುದೋ ಒಂದು ಗಳಿಗೆಗೆ ಬಂದೇ ಬರುತ್ತದೆ. ಅದು ಬಂದ ಗಳಿಗೆಯ ಸಂಭವವೂ ಬರುವ ಮುಂಚೆ ಸೊನ್ನೆಯೇ ಆಗಿತ್ತು. ಅಂದಮೇಲೆ ದಿನಾ ಬಾಣಾವರದಲ್ಲಿ ಸೊನ್ನೆ ಸಂಭವದ ಸಂಗತಿಯೊಂದು ನಡೆಯುತ್ತಲೇ ಇದೆ, ಜನ ಅದನ್ನು ಹತ್ತಿಕೊಂಡು ಅರಸೀಕೆರೆಗೆ ಹೋಗುತ್ತಲೇ ಇದ್ದಾರೆ.

ತೇಜಸ್ ಒಪ್ಪಲಿಲ್ಲ. ನಾನು ಒಪ್ಪಿದೆ. ಎದ್ದು ಕೂತು ಹಾಗಂತ ಹೇಳಬೇಕು ಅನ್ನಿಸಿತು. ಆದರೆ ಮಾತು ಗಂಟಲವರೆಗೆ ಬಂದು, ಎಂದಿನಂತೆ, ಹೊರಗೆ ಯಾರಿದ್ದಾರೆ ಅಂತ ನೋಡಿಕೊಂಡು ವಾಪಸ್ಸು ಹೋಯಿತು. ಆದ್ದರಿಂದ ಬರೆಯುತ್ತಿದ್ದೇನೆ.

ಮೂರು ದಿನ ಅವರೆಕಾಯಿ ಸುಲಿಯುತ್ತ ಇದನ್ನೇ ಯೋಚಿಸಿದೆ. ನಮ್ಮ ತೋಟದಲ್ಲಿ ತೆಂಗಿನಕಾಯಿ ಬೀಳುತ್ತದೆ. ಬಿದ್ದ ಕಡೆ ನೆಲದಲ್ಲಿ ಒಂದು ಗುಳಿ ಆಗುತ್ತದೆ. ಬೀಳುವ ಮುಂಚೆ ಯಾರಾದರೂ ನೆಲದ ಮೇಲೆ ಸೂಜಿ ಚುಚ್ಚಿ, ಕಾಯಿಯ ತುದಿ ಇಲ್ಲಿಗೇ ಬಂದು ತಾಗುತ್ತದೆ ಅಂದಿದ್ದರೆ ಅವನಿಗೆ ತಲೆ ಕೆಟ್ಟಿದೆ ಅನ್ನುತ್ತಿದ್ದೆವು. ಬಿದ್ದ ಮೇಲೆ ಮಾತ್ರ ಯಾರಿಗೂ ಆಶ್ಚರ್ಯವಿಲ್ಲ. ಎತ್ತಿಕೊಂಡು ಬಂದು ಚಟ್ನಿ ಮಾಡುತ್ತೇವೆ.

ನಾನು ಓದಿದ್ದು ಹಗರೆ ಕಡೆಯ ನಮ್ಮೂರ ಶಾಲೆಯಲ್ಲಿ, ಏಳನೇ ಕ್ಲಾಸಿನವರೆಗೆ. ಒಂದು ಸಲ ಮೇಷ್ಟ್ರು ನಮ್ಮನ್ನೆಲ್ಲ ಹಳೇಬೀಡಿಗೆ ಕರೆದುಕೊಂಡು ಹೋದರು. ಗುಡಿಯ ಗೋಡೆಯ ಕೆಳಗಡೆ ಸುತ್ತಲೂ ಆನೆಗಳ ಸಾಲು ಇದೆಯಲ್ಲ, ಅದರ ಮುಂದೆ ನಿಲ್ಲಿಸಿ, "ಇವೆಲ್ಲ ಒಂದೇ ಥರ ಅವೋ, ಬೇರೆ ಬೇರೆ ಅವೋ?" ಅಂತ ಕೇಳಿದರು. ಎಲ್ಲರೂ ಒಂದೇ ಥರ ಅಂತ ಕೂಗಿದರು. ನನಗೆ ಕಾಣಿಸುತ್ತಿತ್ತು. ಒಂದು ಆನೆ ಸೊಂಡಿಲು ಮಡಚಿತ್ತು, ಒಂದು ಮುಂದಿನದರ ಬಾಲ ಹಿಡಿಯಲು ಹೊರಟಿತ್ತು, ಒಂದಕ್ಕೆ ಸ್ವಲ್ಪ ಸಿಟ್ಟು ಬಂದಂತಿತ್ತು. ಹೇಳಲಿಲ್ಲ. ಸರೋಜ ಅನ್ನುವ ಹುಡುಗಿ ಸ್ವಲ್ಪ ಹೊತ್ತಾದ ಮೇಲೆ ಅದನ್ನೇ ಹೇಳಿ ಮೇಷ್ಟ್ರಿಂದ ಪೆನ್ಸಿಲು ಗಿಟ್ಟಿಸಿಕೊಂಡಳು. ಆ ಪೆನ್ಸಿಲಿನ ಬಣ್ಣ ಇವತ್ತಿಗೂ ನೆನಪಿದೆ, ಹಸಿರು. ಅಷ್ಟು ಕಲ್ಲಿನಲ್ಲಿ ಆ ಶಿಲ್ಪಿಯ ಉಳಿ ಎಲ್ಲಿ ಬೇಕಾದರೂ ತಾಗಬಹುದಿತ್ತು. ತಾಗಿದ್ದು ಅಲ್ಲೇ, ಆ ಆನೆಗೆ ಸಿಟ್ಟು ಬರುವ ಜಾಗದಲ್ಲೇ. ಇದೂ ಇಂಚರಳ ಲೆಕ್ಕಕ್ಕೆ ಸೇರುತ್ತದೋ ಇಲ್ಲವೋ, ಶಿಲ್ಪಿ ಬೇಕೆಂದೇ ಮಾಡಿದ್ದು ಅಂತ ಅವಳು ಅಂದರೆ ನಾನು ಸೋತೆ.

ನನ್ನ ಬಾಯಿ ತೆರೆಯದ ಸ್ವಭಾವ ಮದುವೆಯಾಗಿ ಈ ಊರಿಗೆ ಬಂದಮೇಲೂ ಹೋಗಲಿಲ್ಲ. ಕೊಟ್ಟಿಗೆಯಲ್ಲಿ ಹಸುಗಳ ಜೊತೆ ಮಾತ್ರ ಧಾರಾಳವಾಗಿ ಮಾತಾಡುತ್ತಿದ್ದೆ. "ಲಕ್ಕಿ ಮಾತು ಕೇಳ್ಬೇಕು ಅಂದ್ರೆ ಹಸುವಾಗಿ ಹುಟ್ಬೇಕು," ಅಂತ ನಿಮ್ಮ ತಾತ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಗಂಡಸರು ಸೇರಿದ ಕಡೆ ಈ ಲಕ್ಕಮ್ಮ ಬಾಯಿ ತೆರೆಯುವ ಸಂಭವ ಎಷ್ಟು ಅಂತ ಊರಲ್ಲಿ ಯಾರನ್ನು ಕೇಳಿದ್ದರೂ ಇಂಚರಳ ಲೆಕ್ಕದ ಸೊನ್ನೆಯನ್ನೇ ಹೇಳುತ್ತಿದ್ದರು.

ಈಗ ನಿಮಗೆ ಗೊತ್ತಿಲ್ಲದ ಸಂಗತಿಗೆ ಬರುತ್ತೇನೆ.

ಹನ್ನೆರಡು ವರ್ಷದ ಹಿಂದೆ ನಿಮ್ಮ ತಾತ ಹೋದರು. ಆಗ ಇಂಚರಳಿಗೆ ಏಳು, ತೇಜಸ್‌ಗೆ ಐದು. ವರ್ಷ ತುಂಬುವುದರೊಳಗೆ ನನ್ನ ಇಬ್ಬರು ಗಂಡುಮಕ್ಕಳು, ಅಂದರೆ ಇಂಚರಳ ಅಪ್ಪ ರಂಗ, ತೇಜಸ್‌ನ ಅಪ್ಪ ನಾಗ, ಒಬ್ಬರಿಗೊಬ್ಬರು ಮಾತು ಬಿಟ್ಟರು. ಕಾರಣ ಮೇಲಣ ತೋಟ. ನಮ್ಮ ತೋಟ ಎರಡು ತುಂಡು, ನಿಮಗೆ ಗೊತ್ತು. ಮೇಲಣದು ರಸ್ತೆಗೆ ಹತ್ತಿರ, ಕೆಳಗಣದು ಹಳ್ಳದ ಕಡೆ. ಇಬ್ಬರಿಗೂ ರಸ್ತೆಯ ಕಡೆಯದೇ ಬೇಕು. ಎರಡರ ನಡುವೆ ಬೋರ್‌ವೆಲ್ಲು, ಅದರ ಅಕ್ಕಪಕ್ಕ ತಾತ ಮೊದಲು ನೆಟ್ಟ ಎರಡು ಸಾಲು ಮರ.

ಮಾತು ಬಿಟ್ಟವರು ಒಂದೇ ಮನೆಯಲ್ಲಿ ಇದ್ದರೆ ಏನಾಗುತ್ತದೆ ಗೊತ್ತೇ? ಮಾತೆಲ್ಲ ನನ್ನ ಮೇಲೆ ಹಾದುಹೋಗುತ್ತದೆ. ಇಬ್ಬರೂ ಎದುರುಬದುರು ಉಣ್ಣುತ್ತ ಕೂತಿರುತ್ತಾರೆ. "ಅವ್ವ, ಅವನಿಗೆ ಹೇಳು, ಮೋಟ್ರು ಆಫ್ ಮಾಡಿಲ್ಲ," ಅನ್ನುತ್ತಾನೆ ರಂಗ. "ಅವ್ವ, ಮಾಡಿದೀನಿ ಅಂತ ಹೇಳು," ಅನ್ನುತ್ತಾನೆ ನಾಗ. ನಾನು ಸಾರಿನ ಸೌಟು ಹಿಡಿದುಕೊಂಡು ನಡುವೆ ನಿಂತಿರುತ್ತಿದ್ದೆ. ಹೇಳುವ ಅಗತ್ಯವಿರಲಿಲ್ಲ, ಇಬ್ಬರಿಗೂ ಕೇಳಿಸಿರುತ್ತಿತ್ತು. ಹೀಗೆ ಹನ್ನೊಂದು ತಿಂಗಳು.

ಊರ ಹಿರಿಯರು ನಾಲ್ಕು ಸಲ ಕೂತರು. ಬಗೆಹರಿಯಲಿಲ್ಲ. ಕೊನೆಗೆ ಹಿರಿಯರಾದ ಸಿದ್ದೇಗೌಡರು, "ನಮ್ಮ ಕೈಲಿ ಆಗಲ್ಲ ಕಣ್ರಪ್ಪ, ಕರಿಯಮ್ಮನ ಗುಡೀಲಿ ಹೂ ಕೇಳಾನ. ಬಲಕ್ಕೆ ಬಿದ್ರೆ ಮೇಲಣ ತೋಟ ರಂಗನಿಗೆ, ಎಡಕ್ಕೆ ಬಿದ್ರೆ ನಾಗನಿಗೆ. ತಿರುಗಿ ಮಾತಿಲ್ಲ," ಅಂದರು. ಇಬ್ಬರೂ ಒಪ್ಪಿದರು. ಅದೇ ಉಸಿರಿನಲ್ಲಿ ಗೌಡರು ಇನ್ನೊಂದು ಮಾತು ಸೇರಿಸಿದರು. "ಮನೆ ನಡುವೆ ಗೋಡೆ ಎದ್ದ ಮೇಲೆ ಲಕ್ಕಮ್ಮ ಆರು ತಿಂಗಳು ಈ ಕಡೆ, ಆರು ತಿಂಗಳು ಆ ಕಡೆ ಇರ್ಲಿ." ಯಾರೂ ತಲೆ ಎತ್ತಿ ನನ್ನ ಕಡೆ ನೋಡಲಿಲ್ಲ. ಗೌಡರು ಕೆಟ್ಟವರಲ್ಲ, ಅವರ ಮನೆಯಲ್ಲೂ ಅವರ ತಾಯಿಯನ್ನು ಹಾಗೆಯೇ ಇಟ್ಟುಕೊಂಡಿದ್ದರು. ನನಗೆ ಮಾತ್ರ ಆ ದಿನ ಊಟ ಸೇರಲಿಲ್ಲ. ಮನೆಯ ನಡುವೆ ಗೋಡೆ ಎದ್ದರೆ ಈ ಮಕ್ಕಳು ಇನ್ನು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ ಅಂತ ನನಗೆ ಗೊತ್ತಿತ್ತು. ಗೋಡೆಯ ಎರಡು ಕಡೆಯೂ ನಾನು ನೆಂಟಳು.

ಹೂ ಕೇಳುವುದನ್ನು ನೀವು ನೋಡಿಲ್ಲ. ಬೆಳಿಗ್ಗೆ ಪೂಜಾರಿ ಕರಿಯಮ್ಮನಿಗೆ ನೀರು ಹಾಕಿ, ಒದ್ದೆ ಕಲ್ಲಿಗೆ ಕಣಗಿಲೆ ಹೂ ಅಂಟಿಸುತ್ತಾನೆ, ತಲೆಗೆ, ಹಣೆಗೆ, ಭುಜಕ್ಕೆ, ತೋಳಿಗೆ. ಕೇಳುವವರು ಕೇಳಿಕೊಂಡು ಕೈಮುಗಿದು ನಿಲ್ಲುತ್ತಾರೆ. ಯಾರೂ ಮಾತಾಡಬಾರದು. ಹೂ ಯಾವ ಕಡೆ ಮೊದಲು ಜಾರಿ ಬಿದ್ದರೆ ಅದು ಅಮ್ಮನ ಮಾತು. ಕಲ್ಲು ಒಣಗಿದ ಹಾಗೆ ಹೂ ಜಾರುತ್ತದೆ ಅಂತ ನೀವು ಹೇಳುತ್ತೀರಿ. ನಮಗೂ ಅಷ್ಟು ಗೊತ್ತು. ಯಾವ ಹೂ ಮೊದಲು ಜಾರುತ್ತದೆ ಅನ್ನುವುದನ್ನು ಅಮ್ಮನಿಗೆ ಬಿಟ್ಟಿದ್ದೇವೆ.

ಆ ದಿನ ನಿಮ್ಮನ್ನು ಹಗರೆ ಕಡೆಯ ನನ್ನ ತಮ್ಮನ ಮನೆಗೆ ಕಳಿಸಿದ್ದೆವು. ಏಳು ಗಂಟೆಗೆ ನಿಂತೆವು. ರಂಗ ಬಲಗಡೆ, ನಾಗ ಎಡಗಡೆ. ನಾನು ಹಿಂದೆ, ಕಂಬದ ಮರೆಯಲ್ಲಿ, ಸೆರಗು ಹೊದ್ದು. ಎಂಟಾಯಿತು, ಒಂಬತ್ತಾಯಿತು. ಯಾರೋ ಕೆಮ್ಮಿದರು, ಎಲ್ಲರೂ ತಿರುಗಿ ನೋಡಿದರು. ಹತ್ತು ಗಂಟೆಯ ಹೊತ್ತಿಗೆ ಅಮ್ಮನ ಹಣೆಯ ಮೇಲಿದ್ದ ಹೂ ಅಲ್ಲಾಡಿತು. ಮೂಗಿನ ಮೇಲೆ ಜಾರಿ, ಎದೆಯ ಮೇಲೆ ಒಂದು ಗಳಿಗೆ ನಿಂತು, ನೆಟ್ಟಗೆ ಕೆಳಗಿಳಿದು, ಎರಡು ಪಾದದ ಸರಿಯಾಗಿ ನಡುವೆ ಬಂದು ಕೂತಿತು.

ಜನ ಕುತ್ತಿಗೆ ಚಾಚಿ ಬಗ್ಗಿ ನೋಡಿದರು.

"ನಡುಮಧ್ಯ ಬಿದ್ರೆ ಏನ್ಲಾ ಅರ್ಥ?" ಅಂತ ಗೌಡರು ಪೂಜಾರಿಯನ್ನು ಮೆಲ್ಲಗೆ ಕೇಳಿದರು.

ಪೂಜಾರಿ ಮೈಲಾರಪ್ಪ ತಲೆ ಕೆರೆದುಕೊಂಡ. "ನಮ್ಮಪ್ಪನ ಕಾಲದಲ್ಲೂ ಬಿದ್ದಿಲ್ಲ ಗೌಡ್ರೆ. ಬಲ ಐತೆ, ಎಡ ಐತೆ. ನಡುವಿಗೆ ಏನೂ ಇಟ್ಟಿಲ್ಲ ನಾವು."

"ಒಂಚೂರು ಬಲಕ್ಕೇ ಐತೆ," ಅಂದರು ರಂಗನ ಕಡೆಯವರು.

"ನಿನ್ನ ಕಣ್ಣು ಬಲಕ್ಕೈತೆ," ಅಂದರು ನಾಗನ ಕಡೆಯವರು.

ಮೈಲಾರಪ್ಪ ಹೂ ಕಟ್ಟುವ ದಾರ ತಂದ. ಒಂದು ಪಾದದಿಂದ ಇನ್ನೊಂದು ಪಾದಕ್ಕೆ ಹಿಡಿದು, ಎರಡು ಮಡಿಕೆ ಮಾಡಿ ಅಳೆದ. ಮಡಿಕೆ ಸರಿಯಾಗಿ ಹೂವಿನ ತೊಟ್ಟಿನ ಮೇಲೆ ಬಂತು. ಗೌಡರು ಕನ್ನಡಕ ಹಾಕಿಕೊಂಡು ಇನ್ನೊಂದು ಸಲ ಅಳೆಸಿದರು. ಅಲ್ಲೇ ಬಂತು. ಇನ್ನೊಂದು ಹೂ ಬೀಳುವವರೆಗೆ ಕಾಯೋಣ ಅಂದರು ಕೆಲವರು. ಮೊದಲನೇದು ಬಿದ್ದಾಯಿತು, ಅಮ್ಮನ ಮಾತನ್ನು ಎರಡು ಸಲ ಕೇಳಬಾರದು ಅಂದರು ಕೆಲವರು. ಗುಡಿಯೊಳಗೇ ದನಿಗಳು ಏರಿದವು. "ಅವ್ವ, ಅವನಿಗೆ ಹೇಳು, ನಾನು ಬಿಡಲ್ಲ," ಅಂದ ರಂಗ. "ಅವ್ವ, ನಾನೂ ಬಿಡಲ್ಲ ಅಂತ ಹೇಳು," ಅಂದ ನಾಗ.

"ಅದು ನಂದು," ಅಂದೆ ನಾನು.

ಧೈರ್ಯ ಅಂದುಕೊಳ್ಳಬೇಡಿ. ಮೂರು ಗಂಟೆ ನಿಂತು ಮಂಡಿ ನೋಯುತ್ತಿತ್ತು. ಮಾತು ಎಂದಿನಂತೆ ಗಂಟಲವರೆಗೆ ಬಂತು, ಈ ಸಲ ಯಾಕೋ ಹೊರಗೆ ಯಾರಿದ್ದಾರೆ ಅಂತ ನೋಡಲಿಲ್ಲ. ಒಂದು ಸಲ ಬಂದ ಮೇಲೆ ಉಳಿದದ್ದೂ ಅದರ ಹಿಂದೆಯೇ ಬಂತು. "ಬಲಕ್ಕೆ ಬಿದ್ರೆ ರಂಗನಿಗೆ, ಎಡಕ್ಕೆ ಬಿದ್ರೆ ನಾಗನಿಗೆ ಅಂತ ಕೇಳಿದ್ರಿ. ನನಗೆ ಯಾವ ಕಡೆ ಅಂತ ಕೇಳಿದ್ರಿ? ನಡುವೆ ಬಿದ್ದಿದ್ದು ನಂದು. ಬೋರ್‌ವೆಲ್ ಇರೋ ಎರಡು ಸಾಲು ನಂದು. ಮನೆ ನಡುವೆ ಗೋಡೆ ಏಳಬಾರದು. ನಾನು ಆರು ತಿಂಗಳು ಎಲ್ಲಿಗೂ ಹೋಗಲ್ಲ."

ಯಾರು ಮಾತಾಡಿದ್ದು ಅಂತ ಎಲ್ಲರೂ ಸುತ್ತ ನೋಡಿದರು. ಕಂಬದ ಹಿಂದೆ ನಾನೊಬ್ಬಳೇ. ಮೈಲಾರಪ್ಪನ ಕೈಯಿಂದ ದಾರ ಬಿತ್ತು.

"ಅಮ್ಮ ಬಂದವ್ಳೆ ಕಣ್ರಪ್ಪ, ಲಕ್ಕಮ್ಮನ ಮೈಮೇಲೆ ಅಮ್ಮ ಬಂದವ್ಳೆ," ಅಂದ.

ನೋಡಿ ಮಕ್ಕಳೇ, ಇದನ್ನೇ ನಾನು ನಿಮಗೆ ಹೇಳಬೇಕಾಗಿದ್ದುದು. ನಾನು ಮಾತಾಡಿದೆ ಅನ್ನುವುದಕ್ಕಿಂತ ಕಲ್ಲಿನೊಳಗಿಂದ ದೇವರು ಎದ್ದು ಬಂದು ಮಾತಾಡಿದಳು ಅನ್ನುವುದು ಆ ಐವತ್ತು ಜನಕ್ಕೆ ಹೆಚ್ಚು ಸುಲಭವಾಗಿ ನಂಬಿಕೆಗೆ ಬಂತು. ಅವರು ನನಗೆ ಹಾಕಿದ್ದ ಸೊನ್ನೆ ಅಷ್ಟು ಗುಂಡಗಿತ್ತು. ಒಬ್ಬಳು ಅರಿಶಿನದ ನೀರು ತಂದಳು, ಒಬ್ಬಳು ಬೇವಿನ ಸೊಪ್ಪು ತಂದಳು. ನಾಲ್ಕು ಸಲ ಪಂಚಾಯಿತಿ ಮಾಡಿದ ಗೌಡರು ನನ್ನ ಕಾಲಿಗೆ ಬಿದ್ದರು. ಅವರ ಬೋಳುತಲೆಯನ್ನು ಮೇಲಿಂದ ನಾನು ನೋಡಿದ್ದು ಅದೇ ಮೊದಲು.

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ದೇವರ ಹೆಸರಿನಲ್ಲಿ ಸುಳ್ಳು ಬೇಡ ಅನ್ನಿಸಿ, "ಅಮ್ಮ ಅಲ್ಲ ಕಣ್ರೀ, ನಾನು, ಲಕ್ಕಮ್ಮ," ಅಂದೆ.

ಗೌಡರು ಎದ್ದು ಕೈಮುಗಿದು, "ಅಮ್ಮ ಬಂದಾಗ ಹಿಂಗೇ ಪರೀಕ್ಷೆ ಮಾಡ್ತಾಳೆ," ಅಂತ ಎಲ್ಲರಿಗೂ ತಿಳಿಸಿ ಹೇಳಿದರು.

ಮತ್ತೆ ಬೇವಿನ ಸೊಪ್ಪು ಬಂತು. ಇನ್ನು ನಾನೇನು ಮಾಡಲಿ? ಬಾಯಿ ಮುಚ್ಚಿಕೊಂಡೆ. ಅದರಲ್ಲಿ ನನಗೆ ಒಳ್ಳೆಯ ಅಭ್ಯಾಸವಿತ್ತು.

ಆ ಗದ್ದಲದಲ್ಲಿ ನನ್ನ ಇಬ್ಬರು ಮಕ್ಕಳೂ ಜನರ ನೂಕಿಗೆ ಒತ್ತಿಕೊಂಡು ನನ್ನ ಮುಂದೆಯೇ ಬಂದು ನಿಂತಿದ್ದರು, ಭುಜಕ್ಕೆ ಭುಜ ತಾಗಿಸಿಕೊಂಡು. ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾಗ ತುಟಿ ಅಲ್ಲಾಡಿಸದ ಹಾಗೆ, "ಅಣ್ಣ, ಅವ್ವನೇ ಕಣೋ ಇದು," ಅಂದ.

"ಗೊತ್ತು. ಸುಮ್ನಿರ್ಲಾ," ಅಂದ ರಂಗ.

ಹನ್ನೊಂದು ತಿಂಗಳಾದ ಮೇಲೆ ಅವರು ಆಡಿದ ಮೊದಲ ಮಾತು ಅದು. ನನ್ನ ಮೇಲೆ ಹಾದುಹೋಗದೆ, ಅವನ ಬಾಯಿಂದ ಇವನ ಕಿವಿಗೆ ನೇರವಾಗಿ ಹೋಯಿತು. ನನ್ನ ಕಣ್ಣಲ್ಲಿ ನೀರು ಬಂತು. ಅಮ್ಮ ಕಣ್ಣೀರು ಹಾಕುತ್ತಿದ್ದಾಳೆ ಅಂತ ಹೆಂಗಸರು ಇನ್ನಷ್ಟು ಅರಿಶಿನದ ನೀರು ಹಾಕಿದರು.

ಆಮೇಲೆ ಎಲ್ಲ ಸರಿಹೋಯಿತು ಅಂತ ಬರೆದರೆ ನೀವು ನಂಬುವುದಿಲ್ಲ, ಈ ಮನೆಯಲ್ಲೇ ಬೆಳೆದವರು. ಒಲೆ ಎರಡಾದವು. ಮೇಲಣ ತೋಟ ರಂಗನಿಗೆ ಹೋಯಿತು, ಅದಕ್ಕೆ ಬದಲಾಗಿ ಕೆಳಗಣ ತೋಟದ ಜೊತೆಗೆ ಹಳ್ಳದ ಕಡೆಯ ಹೊಲವೂ ನಾಗನಿಗೆ ಸೇರಿತು. ಅದನ್ನು ಅವರೇ ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಬೈದಾಡಿಕೊಂಡು ಮುಗಿಸಿದರು. ಬೈಗುಳ ಕೇಳುತ್ತ ಒಳಗೆ ರಾಗಿ ಬೀಸುತ್ತಿದ್ದ ನನಗೆ ಎಷ್ಟು ನೆಮ್ಮದಿಯಾಯಿತು ಅಂತ ಹೇಳಲಾರೆ. ಗೋಡೆ ಮಾತ್ರ ಏಳಲಿಲ್ಲ. ಬೋರ್‌ವೆಲ್ಲು ನನ್ನ ಸಾಲಿನಲ್ಲಿ ಇರುವುದರಿಂದ ಇವತ್ತು ನೀರು ಯಾರಿಗೆ, ಸ್ಟಾರ್ಟರ್ ಸುಟ್ಟರೆ ತರುವವರು ಯಾರು ಅಂತ ದಿನಾ ಮಾತಾಡಲೇಬೇಕು. ಅದರಲ್ಲೇ ಒಂದೊಂದು ದಿನ ಬೇರೆ ಮಾತೂ ಬರುತ್ತದೆ. ನಾನು ಯಾವ ಒಲೆಯ ಸಾರು ಚೆನ್ನಾಗಿರುವ ವಾಸನೆ ಬರುತ್ತದೋ ಅಲ್ಲಿ ಉಣ್ಣುತ್ತೇನೆ. ಯಾವ ಒಲೆ ಅಂತ ಇಲ್ಲಿ ಬರೆಯುವುದಿಲ್ಲ, ನಿಮ್ಮ ಅಮ್ಮಂದಿರೂ ಓದು ಬಲ್ಲವರು.

ಊರಿನವರು ಮಾತ್ರ ಇನ್ನೂ ಬಿಟ್ಟಿಲ್ಲ. ಹೋದ ವರ್ಷ ಒಬ್ಬಳು ಮಗಳ ಮದುವೆ ಯಾವಾಗ ಆಗುತ್ತದೆ ಅಂತ ಕೇಳಲು ಬಂದಿದ್ದಳು. ನನಗೆ ಗೊತ್ತಿಲ್ಲ ಕಣವ್ವ ಅಂದೆ. ಇನ್ನೂ ಕಾಲ ಬಂದಿಲ್ಲ ಅಂತ ಅಮ್ಮ ಹೇಳಿದಳು ಅಂದುಕೊಂಡು ಬಾಳೆಹಣ್ಣು ಇಟ್ಟು ಹೋದಳು. ತೇಜಸ್, ಆ ಹಣ್ಣು ತಿಂದವನು ನೀನೇ.

ಇಂಚರ ಇದನ್ನು ಓದಿ ತಿದ್ದುತ್ತಾಳೆ ಅಂತ ಗೊತ್ತು. ಅಜ್ಜಿ, ನಿಮ್ಮ ಹೂವಿಗೆ ಅಗಲ ಇದೆ, ದಾರಕ್ಕೆ ದಪ್ಪ ಇದೆ, ಆದ್ದರಿಂದ ಅದು ಸೊನ್ನೆಯಲ್ಲ, ಬಹಳ ಸಣ್ಣದು ಅಷ್ಟೇ ಅನ್ನುತ್ತಾಳೆ. ಸರಿ, ಹೂವಿನ ವಿಷಯ ನಿನಗೇ ಬಿಟ್ಟೆ. ನನ್ನ ವಿಷಯ ಹೇಳು. ಅದಕ್ಕೆ ಅಗಲ ಎಲ್ಲಿತ್ತು? ಬಲ ಒಂದು, ಎಡ ಒಂದು ಅಂತ ಎರಡೇ ಕಡೆ ಇಟ್ಟುಕೊಂಡು ಉಳಿದದ್ದಕ್ಕೆಲ್ಲ ಸೊನ್ನೆ ಹಾಕಿದ್ದರು. ನಾನು ಆ ಉಳಿದದ್ದರಲ್ಲಿ ನಿಂತಿದ್ದೆ. ಅಲ್ಲಿ ನಿಂತವರಿಗೆ ಅದು ಸೊನ್ನೆಯ ಹಾಗೆ ಕಾಣುವುದಿಲ್ಲ, ಮಂಡಿ ನೋಯುತ್ತಿರುತ್ತದೆ. ಯಾರಾದರೂ ಇದು ಆಗುವುದೇ ಇಲ್ಲ ಅಂತ ಬಲವಾಗಿ ಹೇಳಿದಾಗ ನೀವು ಜಗಳಕ್ಕೆ ಹೋಗಬೇಡಿ, ಅವರು ಎಷ್ಟು ಕಡೆ ನೋಡಿ ಹೇಳುತ್ತಿದ್ದಾರೆ ಅಂತ ಒಂದು ಸಲ ಕೇಳಿ.

ಒಂದು ಮಾತು ಉಳಿಯಿತು. ಆ ದಿನ ಮಾತಾಡಿದ್ದು ನಾನೇ ಅಂತ ಇಷ್ಟು ಗಟ್ಟಿಯಾಗಿ ಬರೆದಿದ್ದೇನೆ. ಆದರೆ ಅಂಥ ದನಿ ನನ್ನೊಳಗೆ ಅಲ್ಲಿಯವರೆಗೆ ಎಲ್ಲಿತ್ತು ಅಂತ ಕೇಳಿದರೆ ನನಗೆ ಗೊತ್ತಿಲ್ಲ. ಗೌಡರು ಹೇಳಿದ್ದರಲ್ಲೂ ಒಂದಿಷ್ಟು ನಿಜ ಇದ್ದರೆ ನಾನು ಬೇಡ ಅನ್ನುವುದಿಲ್ಲ. ಆಮೇಲೆ ಅದು ಇನ್ನೊಂದು ಸಲ ಬಂದಿಲ್ಲ. ಬೇಕಾಗಿಯೂ ಇಲ್ಲ.

ಈ ಹಾಳೆಗಳಿಗೆ ಎರಡನೇ ಪ್ರತಿ ಇಲ್ಲ, ಇನ್ನೊಂದು ಸಲ ಬರೆಯಲು ನನ್ನ ಬೆರಳು ಒಪ್ಪುವುದಿಲ್ಲ. ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಹಾಳೆಗಳನ್ನು ಅರ್ಧರ್ಧ ಮಾಡಿಕೊಳ್ಳಬೇಡಿ, ಗೆದ್ದಲು ಹತ್ತದ ಕಡೆ ಒಟ್ಟಿಗೇ ಇಟ್ಟು ಜೋಪಾನ ಮಾಡಿ. ಯಾರ ಪೆಟ್ಟಿಗೆಯಲ್ಲಿ ಇಡಬೇಕು ಅನ್ನುವುದನ್ನು ನೀವಿಬ್ಬರೂ ಎದುರುಬದುರು ಕೂತು ಮಾತಾಡಿ ತೀರ್ಮಾನಿಸಿ. ಜಗಳ ಆದರೂ ಆಗಲಿ, ನಾನು ಪಕ್ಕದಲ್ಲೇ ಕಣ್ಣು ಮುಚ್ಚಿಕೊಂಡು ಮಲಗಿರುತ್ತೇನೆ.